ಬಡಗಣ ಗೋಡೆಗೆ ಬಿಸಿಲು ಬರುವ ಕಾಲ



ಸಂಕ್ರಾಂತಿ ಮುಗಿದ ವಾರ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಫೋನ್ ಮಾಡಿದ್ದಳು. “ಮಾವ, ಉಜ್ಬೇಕಿಸ್ತಾನಕ್ಕೆ ಹೋಗ್ಬೇಕು ಅಂತಿದೀವಿ. ಯಾವ ತಿಂಗ್ಳು ಒಳ್ಳೇದು ಹೇಳಿ” ಅಂದಳು. ಹಳೇಬೀಡಿನಲ್ಲಿ ಕೂತವನನ್ನು ಉಜ್ಬೇಕಿಸ್ತಾನದ ಕಾಲಮಾನ ಕೇಳುವುದಕ್ಕೆ ಕಾರಣ ಇಷ್ಟೆ, ನಾನು ಭೂಗೋಳದ ಮೇಷ್ಟ್ರಾಗಿದ್ದವನು. ಆದರೆ ಅಲ್ಲಿಯ ರಾಜಧಾನಿ ತಾಷ್ಕೆಂಟ್ ಅಂದಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಹವಾಮಾನವಲ್ಲ, ಅಲ್ಲಿ ತೀರಿಕೊಂಡ ನಮ್ಮ ಪ್ರಧಾನಿ ಶಾಸ್ತ್ರೀಜಿ. 1966ರ ಜನವರಿ 11ರ ಬೆಳಗ್ಗೆ ನಮ್ಮ ಬೀದಿಗೆಲ್ಲ ಒಂದೇ ಇದ್ದ ರೇಡಿಯೋದ ಮುಂದೆ ದೊಡ್ಡವರೆಲ್ಲ ಸುಮ್ಮನೆ ನಿಂತಿದ್ದರು. ಅದು ನೆನಪಾಗಿ, “ಜನವರಿ ಮಾತ್ರ ಬೇಡ ಕಣಮ್ಮ” ಅಂದುಬಿಟ್ಟೆ. ಅವಳು ನಕ್ಕಳು.

ಫೋನ್ ಇಟ್ಟಮೇಲೆ ಹಳೇ ಅಟ್ಲಾಸ್ ತೆಗೆದೆ. ಉಜ್ಬೇಕಿಸ್ತಾನದ ಸಮರ್‌ಖಂಡ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸುತ್ತ ಎತ್ತ ನೋಡಿದರೂ ನೆಲವೇ ನೆಲ, ಸಮುದ್ರದ ಹಂಗಿಲ್ಲ. ಅಂಥ ಕಡೆ ಕಾಲಗಳಿಗೆ ಮುಲಾಜಿರುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗಿನ ನಲವತ್ತು ದಿನದ ಕಡು ಸೆಖೆಗೆ ಅಲ್ಲಿಯವರು ‘ಚಿಲ್ಲಾ’ ಅನ್ನುತ್ತಾರೆ. ಪಾರಸಿ ಭಾಷೆಯ ನಲವತ್ತು ಎಂಬ ಮಾತಿನಿಂದ ಬಂದದ್ದು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಕೊರೆಯುವ ಚಳಿಗೂ ಇದೇ ಹೆಸರು. ಆದ್ದರಿಂದ ಅಲ್ಲಿಗೆ ಹೋಗುವವರಿಗೆ ಉಳಿಯುವುದು ಎರಡೇ ಕಿಂಡಿ. ಒಂದು ಏಪ್ರಿಲ್ ಆಸುಪಾಸು, ಇನ್ನೊಂದು ಸೆಪ್ಟೆಂಬರ್-ಅಕ್ಟೋಬರ್. ಎರಡನೆಯದೇ ವಾಸಿ ಅಂತ ನನಗೆ ಕಂಡಿತು. ಆಗ ದ್ರಾಕ್ಷಿ, ದಾಳಿಂಬೆ, ಕರಬೂಜದ ಸುಗ್ಗಿ. ಕರಬೂಜ ಅಂದರೆ ಅಲ್ಲಿಯವರಿಗೆ ಹಣ್ಣಲ್ಲ, ಪ್ರಾಣ. ಫರ್ಗಾನಾದ ಅಂದಿಜಾನ್‌ನಲ್ಲಿ ಹುಟ್ಟಿದ ಬಾಬರ್ ಹಿಂದೂಸ್ತಾನ ಗೆದ್ದು ಆಗ್ರಾದಲ್ಲಿ ಕೂತಿದ್ದಾಗ ಯಾರೋ ಕಾಬೂಲಿನಿಂದ ಒಂದು ಕರಬೂಜ ತಂದುಕೊಟ್ಟರಂತೆ. ಅದನ್ನು ಕೊಯ್ದು ತಿನ್ನುವಾಗ ಕಣ್ಣಲ್ಲಿ ನೀರು ಬಂತು ಅಂತ ಅವನೇ ಬರೆದುಕೊಂಡಿದ್ದಾನೆ.

ಇಷ್ಟನ್ನೂ ಅವಳಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಇನ್ನೊಂದು ಪ್ರಶ್ನೆ ಎಸೆದಳು. “ಅದ್ಸರಿ ಮಾವ, ಅಲ್ಲಿಂದ ಯಾರಾದ್ರೂ ನಿಮ್ಮೂರಿಗೆ ಬರ್ತೀನಿ ಅಂದ್ರೆ ಯಾವ ತಿಂಗ್ಳು ಬನ್ನಿ ಅಂತೀರಿ?”

ಸಮರ್‌ಖಂಡಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಹುಡುಕಿದವನಿಗೆ ಹಳೇಬೀಡಿಗೆ ಉತ್ತರ ಸಿಗಲಿಲ್ಲ. ಇವತ್ತು ನಿಮ್ಮ ಮುಂದೆ ಕೂತಿರುವುದು ಆ ಉತ್ತರ ಹುಡುಕುವುದಕ್ಕೇ.

ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಅಕ್ಟೋಬರಿನಿಂದ ಫೆಬ್ರವರಿ. ಗುಡಿಯ ಮುಂದಿನ ಗೈಡುಗಳೂ, ಎಳನೀರಿನವರೂ, ಪಾರ್ಕಿಂಗ್ ಚೀಟಿ ಹರಿಯುವವರೂ ಇದನ್ನೇ ‘ಸೀಸನ್’ ಅನ್ನುತ್ತಾರೆ. ಉಳಿದದ್ದು ‘ಡಲ್ಲು’. ಈ ಲೆಕ್ಕ ಮಾಡಿದವರು ಬೇಲೂರು-ಹಳೇಬೀಡು ಅಂತ ಒಂದೇ ಉಸಿರಿನಲ್ಲಿ ಹೇಳಿ ರೂಢಿಯಾದವರು. ಎರಡರ ನಡುವೆ ಇರುವುದು 16 ಕಿಲೋಮೀಟರ್ ನಿಜ. ಆದರೆ ಆ ಹದಿನಾರು ಕಿಲೋಮೀಟರಿನಲ್ಲಿ ಮೋಡದ ಮನಸ್ಸೇ ಬದಲಾಗುತ್ತದೆ. ಬೇಲೂರು ಮಲೆನಾಡಿನ ಸೆರಗಿನಲ್ಲಿದೆ, ಅಲ್ಲಿ ಜುಲೈಯಲ್ಲಿ ಸೋನೆ ಹಿಡಿದರೆ ಬಿಡುವುದಿಲ್ಲ. ನೀವು ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿದರೆ ಅದು ಪೂರ್ತಿ ಬಯಲುಸೀಮೆ. ತೆಂಗಿನ ತೋಟ, ಕೊಬ್ಬರಿ ಮಂಡಿ, ಒಣ ಗಾಳಿ. ಅಲ್ಲಿಯವರು ಮಳೆಗೆ ಸೆಪ್ಟೆಂಬರ್, ಅಕ್ಟೋಬರಿನವರೆಗೂ ಕಾಯುತ್ತಾರೆ. ಬಾಣಾವರ, ಜಾವಗಲ್ ದಾಟಿ ಬಸ್ಸು ಹಳೇಬೀಡಿಗೆ ಬರುವಷ್ಟರಲ್ಲಿ ಕಿಟಕಿಯ ಗಾಳಿಗೆ ಸ್ವಲ್ಪ ಪಸೆ ಬಂದಿರುತ್ತದೆ. ನಾವು ಅಲ್ಲಿಯೂ ಅಲ್ಲ, ಇಲ್ಲಿಯೂ ಅಲ್ಲ, ಅರೆಮಲೆನಾಡು. ಬೇಲೂರಿನವರು ಛತ್ರಿ ಬಿಡಿಸಿರುವಾಗ ನಾವು ಮುಗಿಲು ನೋಡುತ್ತಾ ನಿಂತಿರುತ್ತೇವೆ. ಹಾಗಾಗಿ ‘ಮಳೆಗಾಲ, ಬರಬೇಡಿ’ ಅನ್ನುವ ಮಾತು ಬೇಲೂರಿಗೆ ಮುಕ್ಕಾಲು ಪಾಲು ಸರಿ, ಹಳೇಬೀಡಿಗೆ ಕಾಲು ಪಾಲು, ಅರಸೀಕೆರೆಗೆ ಪೂರ್ತಿ ತಪ್ಪು.

ಪುಸ್ತಕದ ಸೀಸನ್ನಿನಲ್ಲೇ ಹಳೇಬೀಡಿಗೆ ಬಂದ ಅತಿ ದೊಡ್ಡ ಗುಂಪು ಯಾವುದು ಗೊತ್ತೇ? ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರನ ದಂಡು. 1310ರ ನವೆಂಬರಿನಲ್ಲಿ ದೆಹಲಿ ಬಿಟ್ಟು, ದೇವಗಿರಿಯ ಮೇಲೆ ಹಾದು, 1311ರ ಫೆಬ್ರವರಿ ಕೊನೆಗೆ ದೋರಸಮುದ್ರದ, ಅಂದರೆ ಆಗಿನ ಹಳೇಬೀಡಿನ, ಕೋಟೆಯ ಮುಂದೆ ನಿಂತಿತು. ಅಮೀರ್ ಖುಸ್ರೋ ಬರೆದಿಟ್ಟಿರುವುದರಿಂದ ದಿನದ ಲೆಕ್ಕವೂ ನಮಗೆ ಸಿಗುತ್ತದೆ. ಯೋಚಿಸಿ ನೋಡಿ, ಆ ಹೊತ್ತಿಗೆ ರಾಗಿ ಕೊಯ್ದು ಒಕ್ಕಿ ಕಣಜ ತುಂಬಿರುತ್ತದೆ, ಹೊಳೆಗಳು ಇಳಿದು ಕುದುರೆ ಮೊಣಕಾಲಿನ ನೀರಿನಲ್ಲಿ ದಾಟುತ್ತದೆ. ಊರ ದೊರೆ ಮೂರನೇ ಬಲ್ಲಾಳ ಪಾಂಡ್ಯರ ಜಗಳದಲ್ಲಿ ಕೈಹಾಕಲು ದಕ್ಷಿಣಕ್ಕೆ ಹೋಗಿದ್ದ. ಪ್ರವಾಸಕ್ಕೂ ದಂಡಯಾತ್ರೆಗೂ ಒಳ್ಳೆಯ ಕಾಲ ಒಂದೇ ಎಂಬುದು ತಮಾಷೆಯ ಮಾತಲ್ಲ.

ಇರಲಿ. ನನಗೆ ಹೇಳಬೇಕಾದದ್ದು ಬೇರೆ ಇದೆ. ಅದು ಬಿಸಿಲಿನ ದಿಕ್ಕಿನ ವಿಷಯ.

ನಾನು ಮೇಷ್ಟ್ರಾಗಿದ್ದಾಗ ಪ್ರತಿ ವರ್ಷ ಏಪ್ರಿಲ್ 25ರ ಸುಮಾರಿಗೆ ಒಂದು ಆಟ ಮಾಡುತ್ತಿದ್ದೆ. ಶಾಲೆಗೆ ರಜೆ ಬಂದಿರುತ್ತಿತ್ತು, ಆದರೂ ಬೀದಿಯ ನಾಲ್ಕು ಹುಡುಗರನ್ನು ಕರೆದು ಅಂಗಳದಲ್ಲಿ ಒಂದು ನೆಟ್ಟನೆಯ ಕೋಲು ನೆಡಿಸುತ್ತಿದ್ದೆ. ತೂಗುಗುಂಡು ಬಿಟ್ಟು ಕೋಲು ವಾಲಿಲ್ಲ ಅಂತ ನೋಡಿಕೊಳ್ಳುವುದು ಅವರ ಕೆಲಸ. ಹನ್ನೆರಡು ಗಂಟೆಯಿಂದ ನೆರಳು ಕುಗ್ಗುತ್ತಾ ಬರುತ್ತಿತ್ತು. ಹನ್ನೆರಡು ಇಪ್ಪತ್ನಾಲ್ಕು, ಇಪ್ಪತ್ತೈದರ ಹೊತ್ತಿಗೆ ಕೋಲಿನ ನೆರಳು ಕೋಲಿನ ಬುಡದೊಳಗೇ ಹೋಗಿಬಿಡುತ್ತಿತ್ತು. ಒಬ್ಬ ಹುಡುಗ ಪ್ರತಿ ಸಲವೂ ಬಗ್ಗಿ ಕೋಲಿನ ಸುತ್ತ ಕೈಯಾಡಿಸಿ “ಎಲ್ಲೋಯ್ತು ಸಾ?” ಅಂತ ಕೇಳುತ್ತಿದ್ದ. ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ. ಇನ್ನೊಂದು ಸಲ ಹೀಗಾಗುವುದು ಆಗಸ್ಟ್ 17ರ ಹೊತ್ತಿಗೆ. ಆಗ ಮೋಡ ಬಿಡುವುದಿಲ್ಲವಾದ್ದರಿಂದ ನಮ್ಮ ಆಟ ಏಪ್ರಿಲಿನಲ್ಲೇ.

ಈ ಎರಡು ದಿನಗಳ ನಡುವೆ, ಅಂದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ನಮ್ಮೂರಿನ ಸೂರ್ಯ ಹುಟ್ಟುವುದೂ, ನೆತ್ತಿಗೆ ಬರುವುದೂ, ಮುಳುಗುವುದೂ ಬಡಗಣದ ಕಡೆಗೇ. ಸೆಪ್ಟೆಂಬರ್ 23ರಿಂದ ಮಾರ್ಚ್ 21ರವರೆಗೆ ಪೂರ್ತಿ ತೆಂಕಣದ ಕಡೆ. ಇದನ್ನು ಹೊಯ್ಸಳೇಶ್ವರನ ಗುಡಿಗೆ ತಂದು ಕೂರಿಸಿ. ಗುಡಿಯ ಮುಖ ಪೂರ್ವಕ್ಕೆ. 1121ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಕಟ್ಟಿಸಿದ ಜೋಡಿ ಗುಡಿ, ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ಶಾಂತಲೇಶ್ವರ. ನೀವು ಡಿಸೆಂಬರಿನಲ್ಲಿ ಬಂದರೆ ತೆಂಕಣ ಬಾಗಿಲ ಮೇಲಿನ ಮಕರತೋರಣ, ಅದರ ನಡುವೆ ಕುಣಿಯುವ ತಾಂಡವೇಶ್ವರ, ಎಲ್ಲಕ್ಕೂ ಓರೆ ಬಿಸಿಲು ಬಿದ್ದು ಸರದ ಒಂದೊಂದು ಮಣಿಯನ್ನೂ ಎಣಿಸಬಹುದು. ಆದರೆ ಬಡಗಣ ಗೋಡೆ? ನೇರ ಉತ್ತರಕ್ಕೆ ತಿರುಗಿದ ಒಂದು ವಿಗ್ರಹಕ್ಕೂ ಆ ಆರು ತಿಂಗಳು ಬಿಸಿಲಿನ ಎಳೆ ತಾಕುವುದಿಲ್ಲ. ಬಳಪದ ಕಲ್ಲು ಮೊದಲೇ ಬೂದಿಗಪ್ಪು. ನೆರಳಿನಲ್ಲಿ ನಿಂತರೆ ಕುಸುರಿಯೆಲ್ಲ ಒಂದೇ ಮುದ್ದೆ. ಜನ ಆ ಗೋಡೆಯ ಮುಂದೆ ಸರಸರ ನಡೆದುಬಿಡುತ್ತಾರೆ. ಅವರ ತಪ್ಪಲ್ಲ.

ಅದೇ ಗೋಡೆಯನ್ನು ಮೇ ತಿಂಗಳ ಸಂಜೆ ಐದೂವರೆಗೆ ನೋಡಬೇಕು. ಗೋಡೆ ನಕ್ಷತ್ರದ ಹಾಗೆ ಮೂಲೆ ಮುರಿದುಕೊಂಡು ಹೋಗಿರುವುದರಿಂದ ಒಂದು ಮೂಲೆಯ ಬೆಳಕು ಇನ್ನೊಂದಕ್ಕೆ ಇರುವುದಿಲ್ಲ. ಕೆಳಗಿನ ಆನೆಗಳ ಸಾಲಿನಲ್ಲಿ ಸೊಂಡಿಲು ಬೇರೆ, ದಂತ ಬೇರೆ ಅಂತ ಬಿಡಿಸಿಕೊಂಡು ಕಾಣುತ್ತದೆ. ಅದರ ಮೇಲಿನ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಸಾಲು, ಮಕರ, ಹಂಸ, ಒಂದೊಂದಕ್ಕೂ ತನ್ನದೇ ನೆರಳು ಬಂದಿರುತ್ತದೆ. ನಾನು ಒಂದು ಸಂಜೆ ಒಬ್ಬ ಕುದುರೆ ಸವಾರನನ್ನು ಹೀಗೆ ನೋಡುತ್ತಾ ನಿಂತಿದ್ದಾಗ ಅವನ ಕಾಲು ರಿಕಾಪಿನೊಳಗೆ ಇರುವುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಅದೇ ಗೋಡೆಯ ಮುಂದೆ ಎಷ್ಟು ಸಲ ನಡೆದಿದ್ದೆನೋ. ಸೀಸನ್ನಿನಲ್ಲಿ ಮಾತ್ರ ಹಳೇಬೀಡು ನೋಡಿದವರು ಅರ್ಧ ಗುಡಿಯನ್ನಷ್ಟೇ ನೋಡಿದ್ದಾರೆ ಅಂತ ನಾನು ಹೇಳುವುದು ಇದಕ್ಕೆ.

ಸಮರ್‌ಖಂಡದಲ್ಲಿ ಈ ತೊಂದರೆ ಇಲ್ಲ. ಅಲ್ಲಿಯ ರೆಗಿಸ್ತಾನ್ ಚೌಕದ ಮೂರು ಕಡೆ ಮೂರು ಮದರಸಾಗಳಿವೆ. ಪಶ್ಚಿಮದಲ್ಲಿ ಅಲ್ಲಿಯ ದೊರೆ ಉಲುಘ್ ಬೇಗ್ 1420ರಲ್ಲಿ ಮುಗಿಸಿದ್ದು, ಪೂರ್ವದಲ್ಲಿ ಶೇರ್‌ದಾರ್, ಉತ್ತರದಲ್ಲಿ ತಿಲ್ಯಾ ಕಾರಿ. ಬೆಳಗ್ಗೆ ಮೊದಲನೆಯದಕ್ಕೆ, ಸಂಜೆ ಎರಡನೆಯದಕ್ಕೆ ಬಿಸಿಲು. ಮೂರನೆಯದು ತೆಂಕಣಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಬಿಸಿಲು ವರ್ಷವಿಡೀ ಅದರ ಮೇಲೆ. ಅಷ್ಟು ಉತ್ತರದಲ್ಲಿ ನಡುಹಗಲಿನ ಸೂರ್ಯ ಯಾವತ್ತೂ ತೆಂಕಣ ಬಿಟ್ಟು ಬರುವುದಿಲ್ಲ, ಎತ್ತರ ಮಾತ್ರ ಏರಿಳಿಯುತ್ತದೆ. ಆ ಎತ್ತರ ಅಳೆಯುವುದಕ್ಕೇ ಉಲುಘ್ ಬೇಗ್ ಗುಡ್ಡದ ಕಲ್ಲು ಕೊರೆದು ಸುಮಾರು 40 ಮೀಟರ್ ತ್ರಿಜ್ಯದ ಕಮಾನು ಇಳಿಸಿದ. ಅಲ್ಲಿ ಕಾಲ ಬದಲಾದರೆ ಚಳಿ-ಸೆಖೆ ತಲೆಕೆಳಗಾಗುತ್ತದೆ, ಮಧ್ಯಾಹ್ನದ ಬೆಳಕು ಬರುವ ದಿಕ್ಕು ಹಾಗೇ ಇರುತ್ತದೆ. ನಮ್ಮಲ್ಲಿ ಚಳಿ-ಸೆಖೆಯ ನಡುವೆ ಅಂಥ ಅಂತರವೇನಿಲ್ಲ, ಒಂದು ಸ್ವೆಟರಿನಷ್ಟು. ಬದಲಾಗುವುದು ದಿಕ್ಕು. ಅಲ್ಲಿಯ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಕೈಗೆ ಸಿಗದೆ ಇದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಇನ್ನು ಪಾದದ ವಿಷಯ. ಚಪ್ಪಲಿ ಬಿಟ್ಟು ಜಗತಿ ಹತ್ತಬೇಕಲ್ಲ. ಏಪ್ರಿಲ್, ಮೇ ಮಧ್ಯಾಹ್ನ ಆ ಕಲ್ಲಿನ ಮೇಲೆ ಕಾಲಿಟ್ಟರೆ ದೋಸೆ ಹೆಂಚು. ದೊಡ್ಡ ದೊಡ್ಡವರೂ ಮಕ್ಕಳ ಹಾಗೆ ನೆರಳಿನಿಂದ ನೆರಳಿಗೆ ಕುಪ್ಪಳಿಸುವುದನ್ನು ನೋಡಿದ್ದೇನೆ. ಅಂಥವರು ಶಿಲಾಬಾಲಿಕೆಯ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. ಬೇಸಿಗೆಯಲ್ಲಿ ಬರುವವರು ದಪ್ಪ ಕಾಲುಚೀಲ ತಂದರೆ ಬೇರೆ ಉಪದೇಶ ಬೇಡ. ಹನ್ನೊಂದರಿಂದ ನಾಲ್ಕರವರೆಗೆ ಒಳಗಿದ್ದುಬಿಡಿ. ಒಳಗೆ ಕಡೆದ ಕಂಬಗಳಿವೆ, ಜಾಲಂಧ್ರದಿಂದ ಸೋಸಿ ಬರುವ ಬೆಳಕಿದೆ. ಹೊರಗೆ ಎಷ್ಟು ಉರಿಯಿದ್ದರೂ ಒಳಗೆ ತಣ್ಣಗೆ. ಇಲ್ಲವಾದರೆ ಬಸ್ತಿಹಳ್ಳಿಗೆ ನಡೆಯಿರಿ. 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯಂತೆ ಹೊಳಪು ಕೊಟ್ಟ ಕಂಬಗಳಿವೆ, ನಿಮ್ಮ ಮುಖ ನಿಮಗೇ ಕಾಣುತ್ತದೆ. ಬಸ್ಸಿನಲ್ಲಿ ಬರುವ ಗುಂಪುಗಳು ಅಲ್ಲಿಗೆ ಹೋಗುವುದು ಕಡಿಮೆ. ನನಗಂತೂ ಅದರಿಂದ ಬೇಸರವಿಲ್ಲ.

ಮಳೆಗಾಲದ ಬಗ್ಗೆ ಬಾಬರನನ್ನೇ ಮತ್ತೆ ಕರೆಯುತ್ತೇನೆ. ಹಿಂದೂಸ್ತಾನದಲ್ಲಿ ಅವನಿಗೆ ಹಿಡಿಸಿದ್ದು ಬಹಳ ಕಡಿಮೆ. ಒಳ್ಳೆಯ ಕರಬೂಜವಿಲ್ಲ, ದ್ರಾಕ್ಷಿಯಿಲ್ಲ, ತಣ್ಣೀರಿಲ್ಲ ಅಂತ ಪಟ್ಟಿಯೇ ಮಾಡಿದ್ದಾನೆ. ಆದರೆ ಮಳೆಗಾಲದ ಗಾಳಿಯನ್ನು ಮಾತ್ರ ಬಾಯ್ತುಂಬ ಹೊಗಳಿದ್ದಾನೆ. ಜೊತೆಗೆ ಒಂದು ದೂರು: ಆ ತೇವಕ್ಕೆ ತನ್ನ ಸೀಮೆಯಿಂದ ತಂದ ಬಿಲ್ಲುಗಳು ಹಾಳಾಗುತ್ತವೆ, ಪುಸ್ತಕ, ಬಟ್ಟೆ ಎಲ್ಲಕ್ಕೂ ಪೆಟ್ಟು. ಮಲೆನಾಡಿನ ಸೊಸೆಯರು ಇವತ್ತಿಗೂ ಹೇಳುವ ಮಾತೇ ಅದು, ಬಿಲ್ಲಿನ ಬದಲು ಹಪ್ಪಳ ಅಂದುಕೊಳ್ಳಿ.

ಆರಿದ್ರೆ, ಪುನರ್ವಸು ಮಳೆಯ ದಿನಗಳಲ್ಲಿ ಹಳೇಬೀಡಿಗೆ ಬರುವವರು ಕಡಿಮೆ. ಆಷಾಢದ ಗಾಳಿ ಛತ್ರಿಯನ್ನು ಮಗುಚಿ ಹಾಕುತ್ತದೆ. ಜಗತಿಯ ಮೇಲೆ ಪಾಚಿ ಇದ್ದಲ್ಲಿ ಜಾರುತ್ತದೆ, ಹುಷಾರಾಗಿರಬೇಕು. ಆದರೆ ನೆನೆದ ಬಳಪದ ಕಲ್ಲಿಗೆ ಒಂದು ಬಣ್ಣ ಬರುತ್ತದೆ ನೋಡಿ, ಎಣ್ಣೆ ಹಚ್ಚಿ ಸ್ನಾನಕ್ಕೆ ಕೂರಿಸಿದ ಮಗುವಿನ ಮೈಯ ಹಾಗೆ. ಮೋಡ ಕವಿದಾಗ ಬೆಳಕು ಒಂದು ಕಡೆಯಿಂದ ಬರದೆ ಮುಗಿಲಿನಿಂದಲೇ ಇಳಿಯುವುದರಿಂದ, ಆಳವಾಗಿ ಕೊರೆದ ಬಳ್ಳಿಯ ಹಿಂದಿನ ಎಲೆಯೂ ಕಾಣುತ್ತದೆ. ಫೋಟೋ ತೆಗೆಯುವವರು ಇದನ್ನು ಬಲ್ಲರು, ಅವರು ಜುಲೈಯಲ್ಲೇ ಬರುತ್ತಾರೆ. ಬಂದರೆ ಕಾಲು ಸುಡುವುದಿಲ್ಲ, ಗುಂಪಿಲ್ಲ, ಗೈಡುಗಳಿಗೂ ಪುರುಸೊತ್ತಿರುವುದರಿಂದ ಕಥೆಯನ್ನು ಕತ್ತರಿಸದೆ ಹೇಳುತ್ತಾರೆ.

ಕೆರೆಯ ಮಾತು ಬೇರೆ. ಊರಿಗೆ ದೋರಸಮುದ್ರ ಅಂತ ಹೆಸರು ಕೊಟ್ಟ ಕೆರೆ ಅದು. ಯಗಚಿ ಹೊಳೆಗೆ ರಣಘಟ್ಟದಲ್ಲಿ ಒಡ್ಡು ಕಟ್ಟಿ, ಕಾಲುವೆ ತೆಗೆದು ಅದಕ್ಕೆ ನೀರು ತಂದವರು ಹೊಯ್ಸಳರು. ಆ ಕಾಲುವೆಯ ನೀರಿಗಾಗಿ ನಮ್ಮ ಕಾಲದ ರೈತರು ಮತ್ತೆ ಪಾದಯಾತ್ರೆ ಮಾಡಬೇಕಾಯಿತು. ಕೆರೆ ಒಣಗಿ ದನ ಮೇಯುತ್ತಿದ್ದ ವರ್ಷಗಳನ್ನೂ ನೋಡಿದ್ದೇನೆ. ಆ ವರ್ಷಗಳಲ್ಲಿ ಬಂದವರಿಗೆ ಇಲ್ಲಿ ಸಮುದ್ರ ಎಲ್ಲಿದೆ ಅಂತ ತೋರಿಸುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಕೆರೆ ತುಂಬಿದ್ದರೆ ಯಾವ ತಿಂಗಳಾದರೂ ಬನ್ನಿ ಅನ್ನುತ್ತೇನೆ. ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರಿನ ಎರಡನೇ ವಾರದ ಹೊತ್ತಿಗೆ, ತುಂಬುವ ವರ್ಷ ತುಂಬಿರುತ್ತದೆ. ಹೊಲದ ಅಂಚಿನಲ್ಲಿ ಹುಚ್ಚೆಳ್ಳಿನ ಹಳದಿ ಹೂವು ಇನ್ನೂ ಅಲ್ಲಲ್ಲಿ ಇರುತ್ತದೆ, ರಾಗಿ ತೆನೆ ಬಾಗಿರುತ್ತದೆ.

ಆಮೇಲೆ ಡಿಸೆಂಬರ್. ಡಿಸೆಂಬರಿನ ಬಗ್ಗೆ ನಾನು ಮಾತನಾಡಲು ಅರ್ಹನಲ್ಲ, ಯಾಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಬೇರೆ ಊರುಗಳಿಗೆ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದು ಡಿಸೆಂಬರಿನಲ್ಲೇ. ರಾಜ್ಯದ ಎಲ್ಲ ಶಾಲೆಗಳ ಬಸ್ಸೂ ಆಗ ರಸ್ತೆಯ ಮೇಲಿರುತ್ತದೆ, ಮೇಲೆ ಅಯ್ಯಪ್ಪನ ಮಾಲೆ ಹಾಕಿದವರ ವ್ಯಾನುಗಳು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಕೇಳುವುದೇ ಬೇಡ. ಮೇಷ್ಟ್ರ ಸೀಟಿ, “ಕೈ ಹಿಡ್ಕೊಳ್ರೋ” ಎಂಬ ಕೂಗು, ಪುಳಿಯೋಗರೆ ಡಬ್ಬಿಯ ವಾಸನೆ. ಮಕ್ಕಳು ನಂದಿಯ ಮುಂದೆ ಗುಂಪು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಂದಿಯ ಬೆನ್ನ ಹಿಂದೆಯೇ ಸೂರ್ಯನಾರಾಯಣನ ಗುಡಿಯಿದೆ, ಅದನ್ನು ತೋರಿಸಲು ಮೇಷ್ಟ್ರಿಗೆ ಸಮಯವಿಲ್ಲ, ಮುಂದೆ ಶ್ರವಣಬೆಳಗೊಳವಿದೆ. ಆದರೂ ಅವರೆಕಾಯಿ ಸೊಗಡು ಬೇಕು ಅನ್ನುವವರು ಆ ತಿಂಗಳೇ ಬರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಂದರೆ ಒಂದು ಗಂಟೆ ಗುಡಿ ನಿಮ್ಮದೇ. ಇಬ್ಬನಿಯಲ್ಲಿ ಜಗತಿಯ ಕಲ್ಲು ಅಂಗಾಲು ಕೊರೆಯುತ್ತದೆ, ಅಷ್ಟೆ.

ಕೆಲವು ಊರುಗಳಲ್ಲಿ ಕಾಲವನ್ನು ನಾವು ಆರಿಸುವಂತಿಲ್ಲ, ದೇವರೇ ಆರಿಸಿಟ್ಟಿರುತ್ತಾನೆ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವೀಜ ಹುಣ್ಣಿಮೆಯ ನಂತರದ ಗುರುವಾರ ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಆ ದಿನಗಳಲ್ಲಿ ಹಾಸನದಲ್ಲಿ ರೂಮು ಸಿಕ್ಕಿತು ಅಂದರೆ ಅದೇ ಅಮ್ಮನ ದರ್ಶನ. ಹಳೇಬೀಡು ಮಾತ್ರ ನೋಡುವವರು ಆ ಎರಡು ವಾರ ತಪ್ಪಿಸಿಕೊಳ್ಳುವುದು ಒಳ್ಳೆಯದು. ಬೇಲೂರಿನ ಚೆನ್ನಕೇಶವನ ತೇರು ಚೈತ್ರದಲ್ಲಿ, ಯುಗಾದಿ ಕಳೆದ ಹತ್ತು ಹನ್ನೆರಡು ದಿನಕ್ಕೆ. ಸ್ವಲ್ಪ ಮುಂಚೆ ಹೂಮಳೆ ಬಿದ್ದಿದ್ದರೆ ಬೇಲೂರಿನಾಚೆಯ ಕಾಫಿ ತೋಟವೆಲ್ಲ ಮಲ್ಲಿಗೆಯ ಹಾಗೆ ಬಿಳಿ ಹೂ ಬಿಟ್ಟು ಗಮ್ಮೆನ್ನುತ್ತದೆ. ಅರಸೀಕೆರೆಯ ಹತ್ತಿರ ಮಾಲೇಕಲ್ಲು ತಿರುಪತಿಯ ಜಾತ್ರೆ ಆಷಾಢದಲ್ಲಿ. ಉಳಿದೆಡೆ ತೇರು ಎಳೆಯದ ತಿಂಗಳಲ್ಲಿ ಅಲ್ಲಿ ಎಳೆಯುತ್ತಾರೆ. ಮಳೆಯ ಭಯವಿಲ್ಲದ ಸೀಮೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು!

ತಂಗಿಯ ಮಗಳು ಸೆಪ್ಟೆಂಬರಿನಲ್ಲಿ ಸಮರ್‌ಖಂಡಕ್ಕೆ ಹೋಗಿ ಬಂದಳು. ಒಣ ಜರ್ದಾಳು ತಂದುಕೊಟ್ಟಳು. ಕರಬೂಜ ವಿಮಾನದಲ್ಲಿ ತರಲಾಗಲಿಲ್ಲವಂತೆ. ಫೋಟೋಗಳಲ್ಲಿ ಎಲ್ಲ ಗೋಡೆಯೂ ನೀಲಿಯಾಗಿ ಫಳಫಳ ಹೊಳೆಯುತ್ತಿತ್ತು, ನೆರಳಿನಲ್ಲಿ ಉಳಿದ ಗೋಡೆ ಒಂದೂ ಕಾಣಲಿಲ್ಲ. “ನಿಮ್ ಉತ್ತರ ಇನ್ನೂ ಬಂದಿಲ್ಲ ಮಾವ” ಅಂದಳು.

“ಎರಡು ಸಲ ಬರ್ಬೇಕು ಕಣೇ” ಅಂದೆ. “ಒಂದ್ಸಲ ನವೆಂಬರ್ ಎರಡನೇ ವಾರ, ತೆಂಕಣ ಬಾಗಿಲಿಗೆ. ಇನ್ನೊಂದ್ಸಲ ಮೇ ತಿಂಗಳು, ಸಂಜೆ, ಬಡಗಣ ಗೋಡೆಗೆ. ಎರಡನೇ ಸಲಕ್ಕೆ ಕಾಲುಚೀಲ ತಗೊಂಡ್ ಬಾ.”

“ರಜಾ ಒಂದೇ ಸಲ ಸಿಗೋದು ಮಾವ.”

“ಹಂಗಾದ್ರೆ ಮೇ.”

ಅವಳು ಡೈರಿಯಲ್ಲಿ ಬರೆದುಕೊಂಡಳು. ಯಾವ ವಾರ ಅಂತ ಕೇಳಿದಳು. ಯಾವುದಾದರೂ ಸರಿ, ಶುಕ್ರವಾರ ಒಂದು ಬಿಟ್ಟು ಅಂದೆ. ಶುಕ್ರವಾರ ಇಲ್ಲಿಯ ಮ್ಯೂಸಿಯಮ್ಮಿಗೆ ರಜ.